ಕಲಬುರಗಿ ಬಿಸಿಲಲ್ಲಿ ಹಳೇ ಕಾರಿನ ಮಾಡೆಲ್ ಕಿಟ್‌ಗೆ ಬಣ್ಣ ಹೊಡೆಯುವುದು ಹೇಗೆ?

ಬಿಡಿಭಾಗ ಜೋಡಿಸಿ ಮಾಡುವ ಪುಟ್ಟ ಪ್ಲಾಸ್ಟಿಕ್ ಮಾಡೆಲ್ ಕಾರಿಗೆ ಬಣ್ಣ ಹೊಡೆಯೋದು ಹೇಗೆ ಅಂತ ಹುಡುಕಿದರೆ ಬೇಕಾದಷ್ಟು ವಿಡಿಯೋ ಸಿಗುತ್ತವೆ. ಒಳ್ಳೆಯವೇ. ಆದರೆ ಮಾಡಿದವರಲ್ಲಿ ಹೆಚ್ಚಿನವರು ತಂಪು ಊರಿನವರು. ಸ್ಪ್ರೇ ಕ್ಯಾನನ್ನು ಮೊದಲು ಬಿಸಿನೀರಲ್ಲಿ ಇಡಿ, 20 ಸೆಂಟಿಮೀಟರ್ ದೂರದಿಂದ ಹೊಡೆಯಿರಿ ಅನ್ನುತ್ತಾರೆ. ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ ಹಾಗೆ ಮಾಡಿ ನೋಡ್ರಿ, ಬಣ್ಣ ಕಾರಿಗೆ ತಲುಪೋ ಮೊದಲೇ ಗಾಳಿಯಲ್ಲಿ ಅರ್ಧ ಒಣಗಿ, ಮೇಲ್ಮೈ ಪೂರ್ತಿ ಒರಟಾಗಿ ಕೂರುತ್ತದೆ. ಹಾಗಾಗಿ ನಮ್ಮ ಕಡೆ ಈ ಕೆಲಸ ಶುರುವಾಗೋದು ಕ್ಯಾಲೆಂಡರ್ ಮತ್ತು ಗಡಿಯಾರ ನೋಡುವುದರಿಂದ.

ನವೆಂಬರ್‌ನಿಂದ ಫೆಬ್ರವರಿ ನಮಗೆ ಚಿನ್ನದಂಥ ಕಾಲ. ಶರಣಬಸವೇಶ್ವರ ಜಾತ್ರೆ ಮುಗಿದ ಮೇಲೆ ಬಿಸಿಲು ಏರುತ್ತಲೇ ಹೋಗುತ್ತದೆ, ಆಗ ಬೆಳಗ್ಗೆ 6ರಿಂದ 8ರೊಳಗೆ ಬಣ್ಣದ ಕೆಲಸ ಮುಗಿಸಬೇಕು. ಗಾಳಿ ಎದ್ದಿರುವುದಿಲ್ಲ, ಧೂಳು ಕೆಳಗೇ ಇರುತ್ತದೆ. ಬೇಸಿಗೆಯಲ್ಲಿ ದೂರವನ್ನು 12ರಿಂದ 15 ಸೆಂಟಿಮೀಟರ್‌ಗೆ ಇಳಿಸಿ, ಕೈ ಸ್ವಲ್ಪ ಬೇಗ ಆಡಿಸಿ. ಮಳೆಗಾಲದ ತೊಂದರೆ ಬೇರೆ ಥರದ್ದು. ಲ್ಯಾಕರ್ ಅನ್ನುವ ಬೇಗ ಒಣಗುವ ಬಣ್ಣದ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿರುವ ತೇವ ಅಲ್ಲೇ ಹನಿಗಟ್ಟುತ್ತದೆ, ಹೊಳೆಯಬೇಕಾದ ಬಣ್ಣದ ಮೇಲೆ ಬೆಳ್ಳಗೆ ಮಂಜು ಕವಿದಂತೆ ಕಾಣುತ್ತದೆ. ಕೂಲರ್ ಓಡುತ್ತಿರುವ ಕೋಣೆಯಲ್ಲಿ ಬೇಸಿಗೆಯಲ್ಲೂ ಇದೇ ಆಗಬಹುದು. ಬಣ್ಣ ಹೊಡೆಯುವಾಗ ಕೂಲರ್ ಬಂದ್, ಫ್ಯಾನ್ ಬಂದ್. ಬೀದರ್‌ನವರಿಗೆ ಮಾತ್ರ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಕ್ಯಾನನ್ನು ಉಗುರುಬೆಚ್ಚಗಿನ ನೀರಲ್ಲಿ ಐದು ನಿಮಿಷ ಇಡೋದು ಉಪಯೋಗಕ್ಕೆ ಬರುತ್ತದೆ. ಕುದಿಯುವ ನೀರು ಬೇಡ, ಒಲೆಯ ಹತ್ತಿರವಂತೂ ಬೇಡವೇ ಬೇಡ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಬಿಸಿಲಿಗೆ ಕ್ಯಾನ್ ಬಿಟ್ಟು ಬರುವುದೂ ಅಷ್ಟೇ ಅಪಾಯ.

ಯಾವ ಕಿಟ್ ತಗೊಳ್ಳಬೇಕು? ಮೊದಲ ಸಲವಾದರೆ ತಮಿಯಾ ಕಂಪನಿಯ 1/24 ಅಳತೆಯ (ನಿಜವಾದ ಕಾರಿನ ಇಪ್ಪತ್ನಾಲ್ಕನೇ ಒಂದರಷ್ಟು) 1966ರ ಫೋಕ್ಸ್‌ವ್ಯಾಗನ್ ಬೀಟಲ್ ತರಿಸಿ. ಅದರ ಮೈ ಎಲ್ಲ ಗುಂಡಗೆ ಇದೆ. ಚೂಪು ಅಂಚು ಕಡಿಮೆ ಇದ್ದಷ್ಟೂ ಪಾಲಿಶ್ ಮಾಡುವಾಗ ಬಣ್ಣ ಉಜ್ಜಿ ಹೋಗುವ ಭಯ ಕಡಿಮೆ. ಕ್ರೋಮ್ ಜಾಸ್ತಿ ಇರುವ ಅಮೆರಿಕನ್ ಕಾರುಗಳು ಎರಡನೇ ಮೂರನೇ ಕಿಟ್‌ಗೆ ಇರಲಿ. ಅಂಬಾಸಿಡರ್ ಮೇಲೆ ಪ್ರೀತಿ ಇದ್ದವರು ಸೆಂಟಿ ಟಾಯ್ಸ್‌ನ ಪುಲ್ ಬ್ಯಾಕ್ (ಹಿಂದೆ ಎಳೆದು ಬಿಟ್ಟರೆ ಓಡುವ) ಅಂಬಾಸಿಡರ್ ತಂದು, ಬಿಚ್ಚಲು ಬಂದಷ್ಟು ಬಿಚ್ಚಿ, ಅದರ ಮೇಲೆ ಕೈ ಪಳಗಿಸಿಕೊಳ್ಳಬಹುದು. ಕಡಿಮೆ ಖರ್ಚಲ್ಲಿ ಬಹಳ ಕಲಿಸುವ ಆಟಿಕೆ ಅದು. ಸ್ಪ್ರೇ ಕ್ಯಾನ್ ಆನ್‌ಲೈನ್‌ನಲ್ಲಿ ತರಿಸುವುದಾದರೆ ಮೊದಲೇ ಆರ್ಡರ್ ಹಾಕಿ. ಬೆಂಕಿ ಹತ್ತುವ ವಸ್ತು ಆದ್ದರಿಂದ ಸಾಮಾನ್ಯವಾಗಿ ರಸ್ತೆ ಮೇಲೇ ಬರುತ್ತದೆ, ತಡವಾಗುತ್ತದೆ.

ಆಟೋ ಪೇಂಟ್ ಅಂಗಡಿಯ ಟಚಪ್ ಸ್ಪ್ರೇ ನಡೆಯುತ್ತದಾ ಅಂತ ಬಹಳ ಜನ ಕೇಳುತ್ತಾರೆ. ನಡೆಯುತ್ತದೆ, ಆದರೆ ನೇರವಾಗಿ ಪ್ಲಾಸ್ಟಿಕ್ ಮೇಲೆ ಬೇಡ. ನಿಜವಾದ ಕಾರಿನ ತಗಡಿಗೆ ಮಾಡಿದ ಬಣ್ಣದಲ್ಲಿ ಥಿನ್ನರ್ ಖಾರ ಇರುತ್ತದೆ. ಕಿಟ್‌ನ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಅದಕ್ಕೆ ಕರಗುತ್ತದೆ, ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಒಳ್ಳೆಯ ಪ್ರೈಮರ್ (ಬಣ್ಣದ ಕೆಳಗೆ ಬರುವ ಲೇಪ) ಮೊದಲು ಹೊಡೆದು, ಪೂರ್ತಿ ಒಣಗಿದ ಮೇಲೆ ತೆಳ್ಳಗೆ ತೆಳ್ಳಗೆ ಹೋಗಬೇಕು. ಯಾವ ಬಣ್ಣವಾದರೂ ಭಾಗಗಳನ್ನು ಕತ್ತರಿಸಿಕೊಂಡ ಮೇಲೆ ಕಿಟ್‌ನಲ್ಲಿ ಉಳಿಯುವ ಫ್ರೇಮ್ ತುಂಡಿನ ಮೇಲೆ ಒಮ್ಮೆ ಹೊಡೆದು ನೋಡಿ, ಅದೂ ಅದೇ ಪ್ಲಾಸ್ಟಿಕ್ ಅಲ್ವಾ. ಎನ್‌ಸಿ ಅನ್ನುವ ಖಾರದ ಥಿನ್ನರ್‌ನಲ್ಲಿ ಮಾಡೆಲ್ ಒರೆಸುವ ಯೋಚನೆಯನ್ನೇ ಬಿಟ್ಟುಬಿಡಿ.

ಈಗ ಮೈ ತಯಾರಿ. ಅಚ್ಚಿನ ಎರಡು ಭಾಗ ಕೂಡಿದ ಜಾಗದಲ್ಲಿ ಕೂದಲೆಳೆಯಷ್ಟು ಗೆರೆ ಇರುತ್ತದೆ. ಬೀಟಲ್ ಥರದ ಕಾರಲ್ಲಿ ಮಡ್‌ಗಾರ್ಡ್ ಅಂಚು, ಛಾವಣಿಯ ಮೂಲೆಗಳಲ್ಲಿ ಬೆಳಕಿಗೆ ಓರೆ ಹಿಡಿದು ಹುಡುಕಿ. 600ರ ವಾಟರ್ ಪೇಪರ್‌ನಿಂದ (ಉಪ್ಪುಕಾಗದದ ಥರದ್ದು, ಸಂಖ್ಯೆ ಹೆಚ್ಚಿದಷ್ಟೂ ನಯ) ನೀರು ಹಾಕಿ ಉಜ್ಜಿ, 1000ದಿಂದ ಮುಗಿಸಿ. ಆಮೇಲೆ ಬಾಗಿಲು, ಬಾನೆಟ್, ಡಿಕ್ಕಿಯ ಸಂದುಗಳು. ನಿಜವಾದ ಕಾರಲ್ಲಿ ಬಾಗಿಲ ಸಂದು ನಾಲ್ಕೈದು ಮಿಲಿಮೀಟರ್ ಅಂದುಕೊಳ್ಳಿ, 1/24 ಅಳತೆಯಲ್ಲಿ ಅದು 0.2 ಮಿಲಿಮೀಟರ್ ಅಷ್ಟೇ. ಪ್ರೈಮರ್, ಬಣ್ಣ, ಕ್ಲಿಯರ್ (ಮೇಲಿನ ಪಾರದರ್ಶಕ ಲೇಪ) ಎಲ್ಲ ಸೇರಿ ಅದನ್ನು ಮುಚ್ಚಿಬಿಡುತ್ತವೆ. ಹಾಗಾಗಿ ಕಟರ್ ಬ್ಲೇಡಿನ ಬೆನ್ನಿನಿಂದ ಗೆರೆಯಲ್ಲೇ ನಾಲ್ಕು ಸಲ ಮೆತ್ತಗೆ ಎಳೆದು ಮೊದಲೇ ಆಳ ಮಾಡಿಕೊಳ್ಳಬೇಕು. ಇದನ್ನು ಬಿಟ್ಟವರ ಕಾರು ಎಷ್ಟೇ ಹೊಳೆದರೂ ಸೋಪಿನಲ್ಲಿ ಕೆತ್ತಿದ ಹಾಗೆ ಕಾಣುತ್ತದೆ.

ನಂತರ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಹಳೇ ಟೂತ್ ಬ್ರಶ್‌ನಿಂದ ತೊಳೆದು ನೆರಳಲ್ಲಿ ಒಣಗಿಸಿ. ಒಣ ಹವೆಯಲ್ಲಿ ಪ್ಲಾಸ್ಟಿಕ್ಕನ್ನು ಬಟ್ಟೆಯಿಂದ ತಿಕ್ಕಿದರೆ ಕರೆಂಟ್ ಹತ್ತಿ ಧೂಳನ್ನು ಎಳೆದುಕೊಳ್ಳುತ್ತದೆ, ಅದಕ್ಕೆ ಬಣ್ಣ ಹೊಡೆಯುವ ಮೊದಲು ತುಸು ಒದ್ದೆ ಮಾಡಿದ ನೂಲು ಬಿಡದ ಬಟ್ಟೆಯಿಂದ ಮೆತ್ತಗೆ ಒರೆಸಿ, ತೇವ ಆರಲು ಬಿಡಿ. ನೆಲಕ್ಕೆ ನೀರು ಚಿಮುಕಿಸಿ. ನಮ್ಮ ಮನೆಗಳ ಶಹಾಬಾದ್ ಕಲ್ಲಿನ ನೆಲ ಇದಕ್ಕೆ ಬಹಳ ಒಳ್ಳೆಯದು, ಒದ್ದೆ ಮಾಡಿದರೆ ಧೂಳು ಅಲ್ಲೇ ಹಿಡಿದುಕೊಳ್ಳುತ್ತದೆ. ದೊಡ್ಡ ರಟ್ಟಿನ ಡಬ್ಬಿಯನ್ನು ಅಡ್ಡ ಮಲಗಿಸಿ, ಒಳಗೆ ಬಾಟಲಿಯ ಮೇಲೆ ಕಾರಿನ ಮೈ ಕೂರಿಸಿದರೆ ಅದೇ ಸ್ಪ್ರೇ ಬೂತ್. ಬಾಗಿಲು ಕಿಟಕಿ ತೆರೆದಿರಲಿ, ಆವಿ ತಡೆಯುವ ಕಾರ್ಟ್ರಿಡ್ಜ್ ಮಾಸ್ಕ್ ಹಾಕಿಕೊಳ್ಳಿ. ಬಟ್ಟೆ ಮಾಸ್ಕ್, ಟವೆಲ್ ಇವು ಥಿನ್ನರ್ ಆವಿಯನ್ನು ತಡೆಯುವುದಿಲ್ಲ.

ಪ್ರೈಮರ್ ಆದ ಮೇಲೆ ಬಣ್ಣ. ಹಳೇ ಕಾರುಗಳಿಗೆ ಸಾದಾ ಬಣ್ಣವೇ ಚಂದ. ಮೆಟಾಲಿಕ್ ಬಣ್ಣದ ಮಿನುಗು ಕಣಗಳು ಇಷ್ಟು ಚಿಕ್ಕ ಕಾರಿನ ಮೇಲೆ ತೀರಾ ದಪ್ಪ ಕಾಣುತ್ತವೆ. ಅಂಬಾಸಿಡರ್ ಬಿಳಿ ಬೇಕಾದರೆ ಸೀದಾ ಬಿಳಿ ಹೊಡೆಯಬೇಡಿ, ಒಂದಿಷ್ಟು ಕೆನೆ ಬಣ್ಣ ಬೆರೆತದ್ದು ತಗೊಳ್ಳಿ. ದುಡಿಯಲು ಮುಂಬೈಗೆ ಹೋಗಿ ಬಂದವರಿಗೆ ಕಪ್ಪು ಹಳದಿ ಬಣ್ಣದ ಕಾಲಿ ಪೀಲಿ ಟ್ಯಾಕ್ಸಿ ನೆನಪಿದ್ದೇ ಇರುತ್ತದೆ. ಆ ಪ್ರೀಮಿಯರ್ ಪದ್ಮಿನಿಗಳು 2023ರ ಅಕ್ಟೋಬರ್‌ಗೆ ರಸ್ತೆಯಿಂದ ಹೋದವು. ಆ ಜೋಡಿ ಬಣ್ಣ ಬೇಕಾದರೆ ಮೊದಲು ಬಿಳಿ ಪ್ರೈಮರ್, ಮೇಲೆ ಹಳದಿ, ಅದು ಗಟ್ಟಿಯಾದ ಮೇಲೆ ಟೇಪ್ ಹಾಕಿ ಕೆಳಗೆ ಕಪ್ಪು. ಹಳದಿ ಬಣ್ಣ ಮುಚ್ಚುವುದು ಕಡಿಮೆ, ಬೂದು ಪ್ರೈಮರ್ ಮೇಲೆ ಹೊಡೆದರೆ ಮಂಕಾಗಿ ಕೂರುತ್ತದೆ. ಕಿಟ್‌ನ ಪ್ಲಾಸ್ಟಿಕ್ಕೇ ಕೆಂಪಾಗಿದ್ದು ಮೇಲೆ ಬಿಳಿ ಬೇಕಾದರೆ ನಡುವೆ ಒಂದು ಕೋಟ್ ಬೆಳ್ಳಿ ಬಣ್ಣ ಹೊಡೆಯಿರಿ, ಇಲ್ಲದಿದ್ದರೆ ಕೆಂಪು ಒಸರಿ ಬಿಳಿ ಗುಲಾಬಿಯಾಗುತ್ತದೆ.

ಮೊದಲ ಕೋಟ್ ಬರೀ ತುಂತುರು. ಕೆಳಗಿನ ಪ್ರೈಮರ್ ಕಾಣುತ್ತಿರಲಿ, ಪರವಾಗಿಲ್ಲ. ಹದಿನೈದು ನಿಮಿಷ ಬಿಟ್ಟು ಎರಡನೆಯದು, ಆಮೇಲೆ ಒದ್ದೆಯಾಗಿ ಹೊಳೆಯುವಷ್ಟು ಒಂದು ಕೋಟ್. ಸ್ಪ್ರೇಯನ್ನು ಕಾರಿನ ಆಚೆ ಶುರು ಮಾಡಿ, ಆಚೆಯೇ ನಿಲ್ಲಿಸಬೇಕು, ಕಾರಿನ ಮೇಲೆ ಗುಂಡಿ ಒತ್ತಿದರೆ ಹನಿ ಉಗುಳುತ್ತದೆ. ಡೆಕಾಲ್ (ಅಕ್ಷರ, ಚಿಹ್ನೆಗಳ ತೆಳು ಸ್ಟಿಕರ್) ಅಂಟಿಸಿದ ಮೇಲೆ ಲ್ಯಾಕರ್ ಕ್ಲಿಯರ್ ಹೊಡೆಯುವಾಗ ಮೊದಲ ಎರಡು ಕೋಟ್ ತೀರಾ ತೆಳ್ಳಗಿರಲಿ, ಒಮ್ಮೆಲೇ ಒದ್ದೆ ಮಾಡಿದರೆ ಡೆಕಾಲ್ ಸುಕ್ಕುಗಟ್ಟುತ್ತದೆ.

ಒಣಗಿಸುವ ವಿಷಯದಲ್ಲಿ ಮಾತ್ರ ನಮ್ಮ ಬಿಸಿಲು ನಮ್ಮ ಕಡೆಗಿದೆ. ತಂಪು ಊರಿನವರು ಬಣ್ಣ ಗಟ್ಟಿಯಾಗಲಿ ಅಂತ ಮಾಡೆಲನ್ನು ಒಣಗಿಸುವ ಮೆಷಿನ್‌ನಲ್ಲಿಟ್ಟು 40 ಡಿಗ್ರಿ ಆಸುಪಾಸು ಕಾಯಿಸುತ್ತಾರೆ. ಮೇ ತಿಂಗಳಲ್ಲಿ ನಮ್ಮ ಕೋಣೆಯೇ ಅಷ್ಟಿರುತ್ತದೆ. ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಧೂಳು ಬೀಳದಂತೆ ಇಟ್ಟು, ಮುಚ್ಚಳ ಸ್ವಲ್ಪ ಓರೆ ಮಾಡಿಡಿ. ನೇರ ಬಿಸಿಲಿಗೆ, ತಗಡಿನ ಶೆಡ್ಡಿಗೆ, ನಿಲ್ಲಿಸಿದ ಕಾರಿನೊಳಗೆ ಇಡಬೇಡಿ, ಛಾವಣಿ ಹೊತ್ತ ತೆಳು ಕಂಬಗಳು ಬಾಗುತ್ತವೆ. ಒಣಗಿತಾ ಅಂತ ಬೆರಳಿಂದ ಮುಟ್ಟಿ ನೋಡುವುದು ಬೇಡ, ಮೂಗಿನ ಹತ್ತಿರ ಹಿಡಿಯಿರಿ. ವಾಸನೆ ಇರುವವರೆಗೂ ಥಿನ್ನರ್ ಒಳಗಿದೆ ಅಂತ ಅರ್ಥ. ವಾಸನೆ ಪೂರ್ತಿ ಹೋದ ಮೇಲೆ 2000, 3000ದ ವಾಟರ್ ಪೇಪರ್‌ನಿಂದ ಕ್ಲಿಯರ್ ಕೋಟಿನ ಉಬ್ಬುತಗ್ಗು ತೆಗೆದು, ಕಂಪೌಂಡ್ (ಹೊಳಪು ತರುವ ಪಾಲಿಶ್ ಪೇಸ್ಟ್) ಹಾಕಿ ಉಜ್ಜಿ. ಡೆಂಟಿಂಗ್ ಪೇಂಟಿಂಗ್ ಗ್ಯಾರೇಜಿನಲ್ಲಿ ಮಾಡುವ ಕೆಲಸವೇ ಇದು, ಇಲ್ಲಿ ಬೆರಳ ತುದಿಯಲ್ಲಿ ಮಾಡುತ್ತೀರಿ. ಅಂಚುಗಳ ಮೇಲೆ ಮಾಸ್ಕಿಂಗ್ ಟೇಪ್ ಪಟ್ಟಿ ಹಚ್ಚಿ, ಬಯಲು ಜಾಗ ಮುಗಿದ ಮೇಲೆ ಟೇಪ್ ತೆಗೆದು ಅಂಚಿಗೆ ಒಂದೆರಡು ಸಲ ಅಷ್ಟೇ ಕೈಯಾಡಿಸಿ.

ಹಳೇ ಕಾರು ಅಂದಮೇಲೆ ಜೀವ ಇರೋದು ಕ್ರೋಮ್‌ನಲ್ಲಿ. ನಾನು ಜಾಸ್ತಿ ಹೊತ್ತು ಕೊಡುವುದು ಇದಕ್ಕೇ. ಕಿಟ್ ಜೊತೆ ಬರುವ ಕ್ರೋಮ್ ಭಾಗಗಳು ಅತಿಯಾಗಿ ಹೊಳೆಯುತ್ತವೆ, ಫ್ರೇಮಿನಿಂದ ಕತ್ತರಿಸಿದ ಜಾಗ ಗಾಯದ ಥರ ಉಳಿಯುತ್ತದೆ. ಮನೆಯ ಬಟ್ಟೆ ಬ್ಲೀಚ್‌ನಲ್ಲಿ ಮುಳುಗಿಸಿಟ್ಟರೆ ಆ ಲೇಪ ಬಿಟ್ಟುಹೋಗುತ್ತದೆ. ಕೈಗೆ ಗ್ಲೌಸ್ ಇರಲಿ. ಬಾತ್‌ರೂಮ್ ತೊಳೆಯುವ ಆಸಿಡ್ ಜೊತೆ ಬ್ಲೀಚ್ ಸೇರಿದರೆ ವಿಷದ ಗಾಳಿ ಬರುತ್ತದೆ, ಹಾಗಾಗಿ ಅದೇ ಡಬ್ಬಿ, ಅದೇ ಮೋರಿ ಬಳಸಬೇಡಿ. ತೊಳೆದು ಗೆರೆ ಉಜ್ಜಿ, ಮೇಲೆ ಹೊಳೆಯುವ ಕಪ್ಪು ಹೊಡೆದು ಪೂರ್ತಿ ಗಟ್ಟಿಯಾಗಲು ಬಿಡಿ, ಆಮೇಲೆ ಕ್ರೋಮ್ ಬಣ್ಣ. ಬಿದ್ರಿ ಕೆಲಸ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬೆಳ್ಳಿಗೆ ಕಳೆ ಬರೋದು ಪಕ್ಕದ ಕಪ್ಪಿನಿಂದ. ಗ್ರಿಲ್‌ಗೂ ಇದೇ ಮಾತು. ಪಟ್ಟಿಗಳ ನಡುವಿನ ಸಂದಿಗೆ ತೆಳು ಮಾಡಿದ ಕಪ್ಪು ಎನಾಮಲ್ ಹರಿಯಬಿಟ್ಟು, ಪಟ್ಟಿಗಳ ಮೇಲಿನದನ್ನು ಒರೆಸಿ ತೆಗೆದರೆ ಗ್ರಿಲ್ ಹಿಂದೆ ನಿಜವಾಗಿ ರೇಡಿಯೇಟರ್ ಇದೆ ಅನ್ನಿಸುತ್ತದೆ.

ಕಿಟಕಿಯ ಸುತ್ತಲಿನ ತೆಳು ಕ್ರೋಮ್ ಗೆರೆಗೆ ಬಣ್ಣ ಬೇಡ, ಬೇರ್ ಮೆಟಲ್ ಫಾಯಿಲ್ ಬಳಸಿ. ಅಂಟು ಇರುವ ತೀರಾ ತೆಳು ಹಾಳೆ ಅದು. ಅಡುಗೆಮನೆಯ ಫಾಯಿಲ್ ಅದಕ್ಕಿಂತ ದಪ್ಪ, ಮೂಲೆಯಲ್ಲಿ ಮಡಿಕೆ ಬೀಳುತ್ತದೆ. ಪಾಲಿಶ್ ಎಲ್ಲಾ ಮುಗಿದ ಮೇಲೆ ಗೆರೆಗಿಂತ ಅಗಲವಾದ ಪಟ್ಟಿ ಅಂಟಿಸಿ, ಹಲ್ಲುಕಡ್ಡಿಯಿಂದ ಗೆರೆಯ ಎರಡೂ ಬದಿ ಒತ್ತಿ, ಹೊಸ ಬ್ಲೇಡಿನಿಂದ ಅಂಚಿಗೆ ಕೊಯ್ದು ಉಳಿದದ್ದನ್ನು ಎತ್ತಿ. ಹೊಸ ಬ್ಲೇಡ್ ಅಂದರೆ ಹೊಸದೇ, ನಿನ್ನೆಯದು ಹಾಳೆಯನ್ನು ಹರಿಯುತ್ತದೆ.

ಇದೇ ಫಾಯಿಲ್‌ನಿಂದ ಒಂದು ಚೆಂದದ ಕೆಲಸ ಮಾಡಬಹುದು. ಡಿಕ್ಕಿಯ ಮೇಲೆ ಕಾರಿನ ಹೆಸರು ಉಬ್ಬಕ್ಷರದಲ್ಲಿ ಇರುತ್ತದಲ್ಲ, ಪ್ರೈಮರ್ ಆದ ತಕ್ಷಣ, ಬಣ್ಣಕ್ಕೆ ಮೊದಲು, ಆ ಅಕ್ಷರಗಳ ಮೇಲೆ ಪುಟ್ಟ ತುಂಡು ಫಾಯಿಲ್ ಒತ್ತಿ ಕೂರಿಸಿ. ಮೇಲೆ ಎಂದಿನಂತೆ ಬಣ್ಣ ಹೊಡೆಯಿರಿ. ಕ್ಲಿಯರ್ ಕೋಟ್‌ಗೆ ಮೊದಲು, ಹಲ್ಲುಕಡ್ಡಿಗೆ ಸುತ್ತಿದ ಹತ್ತಿಗೆ ಮಾಡೆಲ್ ಥಿನ್ನರ್ ಒಂದು ತೊಟ್ಟು ತಾಗಿಸಿ, ಹಿಂಡಿ, ಅಕ್ಷರದ ನೆತ್ತಿ ಮೇಲಷ್ಟೇ ಸವರಿ. ಬಣ್ಣ ಹೋಗಿ ಕೆಳಗಿನ ಬೆಳ್ಳಿ ಅಕ್ಷರ ಒಂದೊಂದಾಗಿ ಎದ್ದು ಬರುತ್ತದೆ. ಯಾವ ಕುಂಚದಿಂದಲೂ ಅಷ್ಟು ಸಣ್ಣಗೆ ಬರೆಯಲಾಗುವುದಿಲ್ಲ.

ಒಳಭಾಗಕ್ಕೆ ಹೆಚ್ಚು ಹೇಳುವುದಿಲ್ಲ, ಕಿಟಕಿಯಿಂದ ಕಾಣುವುದೇ ಕಡಿಮೆ. ರೆಕ್ಸಿನ್ ಸೀಟು ಹೊಳೆಯಬಾರದು, ಪೂರ್ತಿ ಮಂಕೂ ಇರಬಾರದು, ಅರೆಹೊಳಪಿನ ಬಣ್ಣ ಸಾಕು. ಡಯಲ್‌ಗೆ ಒಂದು ಹನಿ ಫೆವಿಕಾಲ್ ಬಿಟ್ಟರೆ ಒಣಗಿ ಗಾಜಿನಂತಾಗುತ್ತದೆ. ಕಿಟಕಿ ಗಾಜು ಅಂಟಿಸಲೂ ಫೆವಿಕಾಲೇ ಸರಿ, ಫೆವಿಕ್ವಿಕ್ ಆವಿ ಗಾಜನ್ನು ಬೆಳ್ಳಗೆ ಮಾಡುತ್ತದೆ. ಎಂಜಿನ್ ಕಾಣುವ ಕಿಟ್ ಆದರೆ ಹಳೇ ಚಾರ್ಜರ್ ವೈರಿನೊಳಗಿನ ತಾಮ್ರದ ಎಳೆಗೆ ಕಪ್ಪು ಬಳಿದು ಪ್ಲಗ್ ವೈರ್ ಮಾಡಿ. ನಾಲ್ಕು ಸಿಲಿಂಡರ್‌ಗೆ ನಾಲ್ಕು, ಕಾಯಿಲ್‌ಗೆ ಒಂದು. ಟೈರಿನ ಹೊರಮೈಯನ್ನು ಉಪ್ಪುಕಾಗದದಿಂದ ಉಜ್ಜಿ ಹೊಳಪು ತೆಗೆಯಿರಿ.

ಓಡಿಸಿದ ಕಾರು ಅನ್ನಿಸಬೇಕಾದರೆ ಧೂಳು ಬೇಕು, ಅದು ನಮ್ಮಲ್ಲಿ ಪುಕ್ಕಟೆ. ತೊಗರಿ ಹೊಲದ ಎರೆಮಣ್ಣು, ಬೀದರ್‌ನ ಕೆಂಪು ಮಣ್ಣು, ಸೇಡಂ ಕಡೆಯ ಬೂದು ಕಲ್ಲುಪುಡಿ, ಯಾವ ರಸ್ತೆಯಲ್ಲಿ ಓಡಿದ ಕಾರು ಅಂತ ನೀವೇ ತೀರ್ಮಾನ ಮಾಡಿ. ಮಣ್ಣನ್ನು ಹಳೇ ತವೆ ಮೇಲೆ ಬಿಸಿ ಮಾಡಿ ತೇವ ತೆಗೆದು, ತೆಳು ಮಲ್ ಬಟ್ಟೆಯಲ್ಲಿ ಎರಡು ಸಲ ಸೋಸಿ. ಮಡ್‌ಗಾರ್ಡ್ ಒಳಗೆ, ಬಾಗಿಲ ಕೆಳಗೆ, ಚಾಸಿಸ್ ಮೇಲೆ ಒಣ ಕುಂಚದಿಂದ ಹಚ್ಚಿ, ದೂರದಿಂದ ಮ್ಯಾಟ್ ಕ್ಲಿಯರ್ ತುಂತುರು ಹೊಡೆದರೆ ಕೂರುತ್ತದೆ. ಕ್ಲಿಯರ್ ಬಿದ್ದ ಮೇಲೆ ಮಣ್ಣಿನ ಬಣ್ಣ ತುಸು ಗಾಢವಾಗುತ್ತದೆ, ಅದಕ್ಕೆ ಒಂದು ಛಾಯೆ ತಿಳಿಯಾದದ್ದೇ ಆರಿಸಿ. ಛಾವಣಿಗೂ ಬಾನೆಟ್‌ಗೂ ಹಚ್ಚಬೇಡಿ, ಅಷ್ಟು ಕಷ್ಟಪಟ್ಟು ತಂದ ಹೊಳಪು ಅದು.

ಕೊನೆಗೆ ಇಡುವ ಜಾಗ. ಮೆತ್ತಗಿನ ವಿನೈಲ್ ಟೈರುಗಳು ಬಿಸಿಗೆ ಎಣ್ಣೆ ಬಿಟ್ಟು, ಮುಟ್ಟಿದ ಪ್ಲಾಸ್ಟಿಕ್ಕನ್ನು ವರ್ಷಗಳಲ್ಲಿ ತಿನ್ನುತ್ತವೆ. ಚಕ್ರದ ರಿಮ್‌ಗೆ ಟೈರ್ ಕೂರುವ ಜಾಗದಲ್ಲಿ ಫಾಯಿಲ್ ಸುತ್ತಿ ಆಮೇಲೆ ಟೈರ್ ಹಾಕಿ. ಪಾರದರ್ಶಕ ಡಬ್ಬಿಯಲ್ಲಿ, ಪಶ್ಚಿಮದ ಬಿಸಿಲು ಬೀಳದ ಗೋಡೆಗೆ ಇಡಿ, ಮತ್ತು ಟೈರಿನ ಕೆಳಗೆ ಪ್ಲಾಸ್ಟಿಕ್ ತಳದ ಬದಲು ಒಂದು ತುಂಡು ಶಹಾಬಾದ್ ಕಲ್ಲು ಇದ್ದರೆ ತಳ ಕರಗುವ ಚಿಂತೆಯೂ ಇರುವುದಿಲ್ಲ.