ಮಾನಿಟರ್ ಇಲ್ಲದ ಪೈಯನ್ನು ಟರ್ಮಿನಲ್‌ನಲ್ಲಿ ಹುಡುಕಿದ್ದು

ನನ್ನ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್‌ಗೆ ಮಾನಿಟರೂ ಇಲ್ಲ, ಕೀಬೋರ್ಡೂ ಇಲ್ಲ. ಏನು ಮಾಡುವುದಿದ್ದರೂ ಎಸ್‌ಎಸ್‌ಎಚ್ ಮೂಲಕವೇ, ಅಂದರೆ ಬೇರೆ ಕಂಪ್ಯೂಟರ್‌ನಿಂದ ನೆಟ್‌ವರ್ಕ್ ಮೂಲಕ ಲಾಗಿನ್ ಆಗಿಯೇ. ಅದಕ್ಕೆ ಪೈಯ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದರ ನಂಬರ್) ಗೊತ್ತಿರಬೇಕು. ಕರೆಂಟ್ ಹೋಗಿ ಬಂದ ಮೇಲೆ ರೂಟರ್ ಕೆಲವು ಸಲ ಬೇರೆ ವಿಳಾಸ ಕೊಟ್ಟುಬಿಡುತ್ತದೆ. ರೂಟರ್‌ಗೆ ಲಾಗಿನ್ ಆಗಿ ನೋಡೋಣ ಅಂದರೆ ಅದರ ಪಾಸ್‌ವರ್ಡ್ ಇಂಟರ್ನೆಟ್ ಹಾಕಿಕೊಟ್ಟವರ ಹತ್ತಿರ ಮಾತ್ರ ಇದೆ. ಹಾಗಾಗಿ ಲಿನಕ್ಸ್ ಲ್ಯಾಪ್‌ಟಾಪ್ ತೆಗೆದು ಟರ್ಮಿನಲ್‌ನಲ್ಲೇ ಹುಡುಕಿದೆ.

ಮೊದಲು 'ಐಪಿ ಅಡ್ರೆಸ್' ಕಮಾಂಡ್. ಲ್ಯಾಪ್‌ಟಾಪ್‌ನ ವಿಳಾಸ 192.168.1 ಅಂತ ಶುರುವಾಗಿ /24 ಅಂತ ಮುಗಿಯಿತು. ಅಂದರೆ ಕೊನೆಯ ಅಂಕಿ 1ರಿಂದ 254ರವರೆಗೆ ಹುಡುಕಿದರೆ ಸಾಕು. ಆಮೇಲೆ 'ಐಪಿ ನೇಬರ್'. ಲ್ಯಾಪ್‌ಟಾಪ್ ಈಚೆಗೆ ಮಾತಾಡಿಸಿದ ಸಾಧನಗಳಷ್ಟೇ ಇದರಲ್ಲಿ ಕಾಣುತ್ತವೆ. ನನಗೆ ಕಂಡಿದ್ದು ರೂಟರ್ ಒಂದೇ.

ಹಾಗಾದರೆ ಎಲ್ಲರನ್ನೂ ಮಾತಾಡಿಸಬೇಕು, ಅಲ್ವಾ? ಅದಕ್ಕೇ ಎನ್‌ಮ್ಯಾಪ್, ನೆಟ್‌ವರ್ಕ್‌ನಲ್ಲಿರುವ ಸಾಧನಗಳನ್ನು ಹುಡುಕುವ ಟೂಲ್. ಮೈನಸ್ ಎಸ್‌ಎನ್ (-sn) ಅಂತ ಸೇರಿಸಿ 192.168.1.0/24 ಕೊಟ್ಟರೆ ಪೋರ್ಟ್ ಸ್ಕ್ಯಾನ್ ಮಾಡದೆ (ಪೋರ್ಟ್ ಅಂದರೆ ಸಾಧನದ ಒಂದೊಂದು ಸೇವೆಗೂ ಇರುವ ನಂಬರ್ ಹಾಕಿದ ಬಾಗಿಲು), ಯಾರು ಯಾರು ಇದ್ದಾರೆ ಅಂತ ಮಾತ್ರ ಹೇಳುತ್ತದೆ. ಇಲ್ಲಿ ಸುಡೊ (ಕಮಾಂಡನ್ನು ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಪದ) ಹಾಕುವುದು ಬಿಡುವುದು ಸಣ್ಣ ವಿಷಯ ಅಲ್ಲ. ಸುಡೊ ಇಲ್ಲದಿದ್ದರೆ ಅದು ಪ್ರತಿ ವಿಳಾಸದ 80 ಮತ್ತು 443ನೇ ಪೋರ್ಟ್‌ಗಳಿಗೆ ಕನೆಕ್ಟ್ ಆಗಲು ನೋಡುತ್ತದೆ. ಫೈರ್‌ವಾಲ್ ಸುಮ್ನೆ ಕೂತರೆ ಆ ಸಾಧನ ಲೆಕ್ಕಕ್ಕೇ ಬರುವುದಿಲ್ಲ. ಸುಡೊ ಹಾಕಿದರೆ ಲೋಕಲ್ ನೆಟ್‌ವರ್ಕ್‌ನಲ್ಲಿ ಅದು ಆರ್ಪ್ ಬಳಸುತ್ತದೆ: 'ಈ ವಿಳಾಸ ಯಾರದ್ದು?' ಅಂತ ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಪಿಂಗ್‌ಗೆ, ಅಂದರೆ 'ಇದ್ದೀಯಾ?' ಅನ್ನೋ ಸಂದೇಶಕ್ಕೆ, ಬಾಯಿ ಬಿಡದ ವಿಂಡೋಸ್ ಕಂಪ್ಯೂಟರ್ ಕೂಡ ಇದಕ್ಕೆ ಓಗೊಡಲೇಬೇಕು. ಇಲ್ಲದಿದ್ದರೆ ಅದಕ್ಕೆ ಯಾರೂ ಡೇಟಾ ಕಳಿಸಲು ಆಗುವುದಿಲ್ಲ.

ಇದೇ ಕೆಲಸಕ್ಕೆ ಆರ್ಪ್-ಸ್ಕ್ಯಾನ್ ಅಂತ ಬೇರೆ ಟೂಲೂ ಇದೆ. ನನಗೆ ಈಗ ಅದೇ ಜಾಸ್ತಿ ಇಷ್ಟ. ಸಾಧನಕ್ಕೊಂದು ಸಾಲು: ಐಪಿ, ಮ್ಯಾಕ್ ವಿಳಾಸ (ಸಾಧನದ ನೆಟ್‌ವರ್ಕ್ ಭಾಗದ ಗುರುತು), ತಯಾರಕರ ಹೆಸರು. ಮ್ಯಾಕ್‌ನ ಮೊದಲ ಮೂರು ಜೋಡಿ ತಯಾರಕರಿಗೆ ಮೀಸಲು. ಹಳೆಯ ಪೈಗಳದ್ದು ಬಿ8:27:ಇಬಿ, ನನ್ನ ಪೈ 4ರದ್ದು ಡಿಸಿ:ಎ6:32. ಆ ಸಾಲು ಕಂಡ ಕೂಡಲೇ ಪೈ ಸಿಕ್ಕಿತು.

ಆದರೆ ತಯಾರಕರ ಹೆಸರೇ ಇಲ್ಲದ ಸಾಲುಗಳೂ ಇದ್ದವು. ಪಕ್ಕದ ಮನೆಯವರು ವೈಫೈ ಕದ್ದಿದ್ದಾರೆ ಅಂತ ಅನುಮಾನ ಪಡುವ ಮೊದಲು ಮ್ಯಾಕ್‌ನ ಎರಡನೇ ಅಕ್ಷರ ನೋಡಿ. ಅದು 2, 6, ಎ ಅಥವಾ ಇ ಆಗಿದ್ದರೆ ಹೆಚ್ಚಾಗಿ ಅದು ಫೋನ್ ತಾನೇ ಹುಟ್ಟಿಸಿಕೊಂಡ ವಿಳಾಸ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಇದು ಸಾಮಾನ್ಯ. ನಮ್ಮ ಮನೆಯವರ ಫೋನ್‌ಗಳ ವೈಫೈ ಒಂದೊಂದಾಗಿ ಆಫ್ ಮಾಡಿ ಮತ್ತೆ ಸ್ಕ್ಯಾನ್ ಮಾಡಿದೆ. ಯಾವ ಸಾಲು ಯಾರದ್ದು ಅಂತ ಗೊತ್ತಾಯಿತು. ನಿದ್ದೆಯಲ್ಲಿರುವ ಫೋನ್ ಕೆಲವು ಸಲ ಉತ್ತರ ಕೊಡುವುದಿಲ್ಲ, ಎರಡು ಮೂರು ಸಲ ಓಡಿಸುವುದು ಒಳ್ಳೆಯದು.

ಆರ್ಪ್ ರೂಟರ್ ದಾಟಿ ಹೋಗುವುದಿಲ್ಲ. ಗೆಸ್ಟ್ ವೈಫೈನಲ್ಲಿದ್ದು ಹುಡುಕಿದರೆ ಸಾಮಾನ್ಯವಾಗಿ ರೂಟರ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಆಫೀಸಿನಲ್ಲಾದರೆ ಐಟಿಯವರಿಗೆ ಹೇಳಿಯೇ ಸ್ಕ್ಯಾನ್ ಮಾಡಿ.