ತಲೆಮಾರಿನಿಂದ ಕಿವಿ ಮಂದವೇ? ಜೀನ್ ಟೆಸ್ಟ್ ಮಾಡಿಸುವಾಗ ಎಂಐಆರ್96 ಅನ್ನೋ ಜೀನ್ ಬಗ್ಗೆಯೂ ಕೇಳಿ

ಅಜ್ಜನಿಗೆ ಕಿವಿ ಮಂದ, ಅಪ್ಪನಿಗೂ ಮಂದ, ಈಗ ಅಣ್ಣನೂ ಟಿವಿ ಸೌಂಡ್ ಜಾಸ್ತಿ ಮಾಡುತ್ತಿದ್ದಾನೆ. ಇಂಥ ಮನೆಗಳಲ್ಲಿ "ನಮ್ಮ ವಂಶವೇ ಹಾಗೆ" ಅಂತ ಸುಮ್ಮನಾಗುವವರೇ ಹೆಚ್ಚು. ಕಾರಣ ಹುಡುಕಬೇಕು ಅನ್ನಿಸಿದರೆ ಹೀಗೆ ಶುರು ಮಾಡಿ.

ಮೊದಲು ಒಂದು ಹಾಳೆಯಲ್ಲಿ ಮೂರು ತಲೆಮಾರಿನ ವಂಶವೃಕ್ಷ ಬರೆಯಿರಿ. ಯಾರಿಗೆ, ಯಾವ ವಯಸ್ಸಿನಲ್ಲಿ ಶುರುವಾಯಿತು, ಮಾತು ಕಲಿಯುವ ಮೊದಲೋ ಆಮೇಲೋ, ಗದ್ದಲದ ಮಿಲ್ಲಿನಲ್ಲಿ ದುಡಿದಿದ್ದರೋ, ಜೆಂಟಾಮೈಸಿನ್‌ನಂಥ ಇಂಜೆಕ್ಷನ್ ಆದ ಮೇಲೆ ಕೇಳದಂತಾಯಿತೋ, ಎಲ್ಲ ಬರೆದಿಡಿ. ಹಳೆಯ ಆಡಿಯೋಗ್ರಾಂಗಳನ್ನು, ಅಂದರೆ ಕಿವಿ ಪರೀಕ್ಷೆಯ ಗ್ರಾಫ್‌ಗಳನ್ನು, ಎಸೆಯಬೇಡಿ. ವರ್ಷದಿಂದ ವರ್ಷಕ್ಕೆ ಗೆರೆ ಕೆಳಗಿಳಿದಿದ್ದರೆ ಅದೇ ದೊಡ್ಡ ಸುಳಿವು.

ಈಗ ಹಾಳೆ ನೋಡಿ. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾದ ಮನೆಯಲ್ಲಿ, ಅಪ್ಪ ಅಮ್ಮ ಇಬ್ಬರಿಗೂ ಚೆನ್ನಾಗಿ ಕೇಳುತ್ತಿದ್ದು ಮಗು ಮಾತ್ರ ಹುಟ್ಟಾ ಕಿವುಡಾದರೆ ಜಿಜೆಬಿ2 ಥರದ ಜೀನ್‌ಗಳ ಕಡೆ ಅನುಮಾನ ಹೋಗುತ್ತದೆ. ತಲೆಮಾರು ಬಿಡದೆ ಬಂದು, ಮಾತು ಕಲಿತ ಮೇಲೆ ಶುರುವಾಗಿ, ನಿಧಾನಕ್ಕೆ ಜಾಸ್ತಿಯಾಗುತ್ತಿದ್ದರೆ ದಾರಿ ಬೇರೆ. ಹಾಗೆ ಬರುವ ಜೀನ್‌ಗಳು ಹತ್ತಾರಿವೆ, ಎಂಐಆರ್96 ಅದರಲ್ಲಿ ಅಪರೂಪದ್ದು.

ಇದು 7ನೇ ಕ್ರೋಮೋಸೋಮಿನಲ್ಲಿದೆ. ಪ್ರೋಟೀನ್ ತಯಾರಿಸುವುದಿಲ್ಲ. ಇದರಿಂದ ಬರುವುದು 22–23 ಅಕ್ಷರದ ಪುಟ್ಟ ಆರ್‌ಎನ್‌ಎ (ಮೈಕ್ರೋಆರ್‌ಎನ್‌ಎ), ಅದು ಬೇರೆ ಎಷ್ಟೋ ಜೀನ್‌ಗಳ ಸದ್ದಡಗಿಸುತ್ತದೆ. ಯಾವ ಜೀನನ್ನು ಹಿಡಿಯಬೇಕು ಅನ್ನೋದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರ ತುದಿಯ ಏಳು ಅಕ್ಷರಗಳು, ಸೀಡ್ ಭಾಗ. ಅಲ್ಲಿ ಒಂದಕ್ಷರ ತಪ್ಪಿದರೂ ಅದು ಅಡಗಿಸಬೇಕಾದವನ್ನು ಬಿಟ್ಟು ಬೇರೆಯವನ್ನು ಹಿಡಿಯುತ್ತದೆ, ಒಳಗಿವಿಯಲ್ಲಿ ಸದ್ದು ಹಿಡಿಯುವ ಕೂದಲು ಕೋಶಗಳು ಸರಿಯಾಗಿ ಬಲಿಯುವುದಿಲ್ಲ. 2009ರಲ್ಲಿ ಸ್ಪೇನಿನ ಎರಡು ಕುಟುಂಬಗಳಲ್ಲಿ ಸಿಕ್ಕಿದ್ದು ಇದೇ, ಜೀನಿನ ಒಂದು ನಂಬರಿನ ಜಾಗದಲ್ಲಿ ಒಂದಕ್ಷರ ಹೋಗಿ ಇನ್ನೊಂದು ಬಂದಿದ್ದು: ಒಂದರಲ್ಲಿ +13ಜಿ>ಎ, ಇನ್ನೊಂದರಲ್ಲಿ +14ಸಿ>ಎ. ಮೈಕ್ರೋಆರ್‌ಎನ್‌ಎ ತಪ್ಪಿನಿಂದಲೇ ವಂಶಪಾರಂಪರ್ಯ ಕಾಯಿಲೆ ಬರುತ್ತದೆ ಅಂತ ಮನುಷ್ಯರಲ್ಲಿ ಗೊತ್ತಾಗಿದ್ದು ಆಗಲೇ ಮೊದಲು. 2012ರಲ್ಲಿ ಇಟಲಿಯ ಕುಟುಂಬವೊಂದರಲ್ಲಿ ಸೀಡ್‌ನಿಂದ ಆಚೆ, +57ನೇ ಜಾಗದಲ್ಲಿ ಬದಲಾವಣೆ ಸಿಕ್ಕಿತು.

ಲ್ಯಾಬ್‌ನಲ್ಲಿ ಕೇಳಲೇಬೇಕಾದ ಪ್ರಶ್ನೆ: "ನಿಮ್ಮ ಪ್ಯಾನೆಲ್‌ನಲ್ಲಿ (ಟೆಸ್ಟ್ ಮಾಡುವ ಜೀನ್‌ಗಳ ಪಟ್ಟಿಯಲ್ಲಿ) ಎಂಐಆರ್96 ಇದೆಯಾ?" ಎಕ್ಸೋಮ್ ಟೆಸ್ಟ್ ಮುಖ್ಯವಾಗಿ ಪ್ರೋಟೀನ್ ಬರೆಯುವ ಭಾಗಗಳನ್ನೇ ಓದುತ್ತದೆ, ಹಾಗಾಗಿ ಈ ಜೀನ್ ಕೆಲವು ಕಿಟ್‌ಗಳಲ್ಲಿ ಇರುತ್ತದೆ, ಕೆಲವದರಲ್ಲಿ ಇರಲ್ಲ. ಕೇಳದೆ ದುಡ್ಡು ಕಟ್ಟಿ, "ಏನೂ ಸಿಗಲಿಲ್ಲ" ಅನ್ನೋ ರಿಪೋರ್ಟ್ ಹಿಡಿದುಕೊಂಡು ಬಂದರೆ ಏನು ಪ್ರಯೋಜನ, ಅಲ್ವಾ?

ರಿಪೋರ್ಟಿನಲ್ಲಿ "ಅರ್ಥ ಖಚಿತವಿಲ್ಲದ ಬದಲಾವಣೆ" ಅಂತ ಬಂದರೆ ಗಾಬರಿ ಬೇಡ, ಸಂಭ್ರಮವೂ ಬೇಡ. ಕಿವಿ ಮಂದವಾದ ನೆಂಟರಲ್ಲಿ ಅದು ಇದೆಯಾ, ಚೆನ್ನಾಗಿ ಕೇಳುವ ಹಿರಿಯರಲ್ಲಿ ಇಲ್ಲವಾ ಅಂತ ನೋಡಿಸಿ. ಜೆನೆಟಿಕ್ ಕೌನ್ಸೆಲರ್ ಜೊತೆ ಕೂತು ಮಾತಾಡಿ. ಕಾಯಿಲೆಯದ್ದೇ ಅಂತ ಖಚಿತವಾದರೆ, ಆ ಬದಲಾವಣೆ ಇರುವವರ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ 50%. ಬಂದ ಮಕ್ಕಳಿಗೆ ಈಗ ಚೆನ್ನಾಗಿ ಕೇಳುತ್ತಿದ್ದರೂ ಆಗಾಗ ಆಡಿಯೋಗ್ರಾಂ ಮಾಡಿಸಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ ಆಗುತ್ತದೆ.

ಚಿಕಿತ್ಸೆ ಸದ್ಯಕ್ಕೆ ಹಿಯರಿಂಗ್ ಏಡ್, ತೀರಾ ಕೇಳದಂತಾದರೆ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಸಾಧನ). +14ಸಿ>ಎ ತಪ್ಪನ್ನು ಕ್ರಿಸ್ಪರ್‌ನಿಂದ (ಜೀನ್ ಕತ್ತರಿಸುವ ತಂತ್ರ) ಕೆಲಸ ಮಾಡದಂತೆ ಕೆಡಿಸಿ ಕೇಳುವ ಶಕ್ತಿ ಉಳಿಸಿದ್ದು 2024ರಲ್ಲಿ ವರದಿಯಾಗಿದೆ, ಆದರೆ ಇಲಿಗಳಲ್ಲಿ. ಅದನ್ನು ತೋರಿಸಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.