ಬಲೂನಿಗೆ ಎಷ್ಟು ಗಾಳಿ ತುಂಬಬೇಕು: ಊಟಿಯ ಘಾಟಿಯಲ್ಲಿ ಕಂಡುಕೊಂಡ ಲೆಕ್ಕ

ಬೆಂಗಳೂರಿನಲ್ಲಿ ಸಮಾರಂಭಗಳಿಗೆ ಬಲೂನು ಅಲಂಕಾರ ಮಾಡಿಕೊಡುವುದು ನನ್ನ ವೃತ್ತಿ. ಗಾಳಿ ತುಂಬಿದ ಬಲೂನನ್ನು ವಿಮಾನದಲ್ಲಿ ಕೊಂಡೊಯ್ದರೆ ಅದು ಒಡೆಯುತ್ತದೆಯೇ ಎಂದು ಗಿರಾಕಿಗಳು ಆಗಾಗ ಕೇಳುತ್ತಾರೆ. ಅದನ್ನು ಯಾವ ಎತ್ತರದ ಊರಿನಲ್ಲಿ ತುಂಬಿದ್ದೇವೆ, ದಾರಿಯಲ್ಲಿ ಹೊರಗಿನ ಒತ್ತಡ ಎಷ್ಟು ಇಳಿಯುತ್ತದೆ, ಬಲೂನಿನ ಮೈ ಹಿಗ್ಗಬಲ್ಲದೇ ಎಂಬುದು ತಿಳಿಯದೆ ಈ ಪ್ರಶ್ನೆಗೆ ಉತ್ತರ ಹೇಳಲಾಗದು.

ವಿಮಾನ 35,000 ಅಡಿ ಎತ್ತರದಲ್ಲಿ ಹಾರುವಾಗ ಹೊರಗಿನ ಒತ್ತಡ ಸಮುದ್ರಮಟ್ಟದ ಒತ್ತಡದ ಕಾಲುಭಾಗಕ್ಕಿಂತಲೂ ಕಡಿಮೆ. ಆದರೆ ಒಳಗಿನ ಒತ್ತಡವು 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕಿಂತ, ಅಂದರೆ ಸುಮಾರು 75 ಕಿಲೋಪ್ಯಾಸ್ಕಲ್‌ಗಿಂತ, ಕೆಳಗಿಳಿಯದಂತೆ ನೋಡಿಕೊಳ್ಳುತ್ತಾರೆ. ಪ್ರಯಾಣಿಕ ವಿಮಾನಗಳ ಸರಕಿನ ಕೋಣೆಯಲ್ಲಿಯೂ ಸಾಮಾನ್ಯವಾಗಿ ಇದೇ ಒತ್ತಡವಿರುವುದರಿಂದ, ಬಲೂನು ಕೈಚೀಲದಲ್ಲಿದ್ದರೂ ಕೆಳಗಿನ ಕೋಣೆಯಲ್ಲಿದ್ದರೂ ಹಿಗ್ಗುವುದು ಒಂದೇ ಪ್ರಮಾಣದಲ್ಲಿ. ಸಮುದ್ರಮಟ್ಟದ ಒತ್ತಡ 101 ಕಿಲೋಪ್ಯಾಸ್ಕಲ್. 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 91. ಒತ್ತಡ ಇಳಿದಷ್ಟೂ ಅನಿಲದ ಗಾತ್ರ ಏರುತ್ತದೆ ಎಂದು ರಾಬರ್ಟ್ ಬಾಯ್ಲ್ 1662ರಲ್ಲಿ ತೋರಿಸಿದ ನಿಯಮದಂತೆ, ಬೆಂಗಳೂರಿನಲ್ಲಿ ತುಂಬಿದ ಗಾಳಿ ವಿಮಾನದೊಳಗೆ ಸುಮಾರು ಐದನೇ ಒಂದು ಭಾಗ ಹೆಚ್ಚು ಜಾಗ ಬೇಡುತ್ತದೆ. ಮಂಗಳೂರಿನಲ್ಲಿ ತುಂಬಿದ್ದಾದರೆ ಮೂರನೇ ಒಂದು ಭಾಗ ಹೆಚ್ಚು.

ಈ ಲೆಕ್ಕವನ್ನು ಕಣ್ಣಾರೆ ನೋಡಲು ನಾನು ವಿಮಾನ ಹತ್ತಬೇಕಾಗಲಿಲ್ಲ. ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ ಒತ್ತಡ 77 ಕಿಲೋಪ್ಯಾಸ್ಕಲ್ ಆಸುಪಾಸಿನಲ್ಲಿದ್ದು, ವಿಮಾನದೊಳಗಿನ ಸ್ಥಿತಿಗೆ ಬಹಳ ಹತ್ತಿರವಾಗಿದೆ. ಆದ್ದರಿಂದ ಬೆಂಗಳೂರಿನಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಗಾಳಿ ತುಂಬಿದ ರಬ್ಬರ್ ಮತ್ತು ಫಾಯಿಲ್ ಬಲೂನುಗಳನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು, ಬಂಡೀಪುರ, ಗುಡಲೂರು ದಾಟಿ ಘಾಟಿ ಹತ್ತಿದೆ. ಹೊರಡುವ ಮುನ್ನ ದರ್ಜಿಯ ಅಳತೆ ಪಟ್ಟಿಯಿಂದ ತೆಗೆದುಕೊಂಡ ಸುತ್ತಳತೆಗಳನ್ನು ಊಟಿಯಲ್ಲಿ ಮತ್ತೊಮ್ಮೆ ತೆಗೆದು ಹೋಲಿಸಿದೆ. ಅಲ್ಲಿನ ಚಳಿಗೆ ಗಾಳಿ ಸ್ವಲ್ಪ ಕುಗ್ಗುತ್ತದೆ (ಉಷ್ಣತೆ 15 ಡಿಗ್ರಿ ಇಳಿದರೆ ಗಾತ್ರ ಶೇಕಡಾ 5ರಷ್ಟು ಕಡಿಮೆಯಾಗುತ್ತದೆ), ಹಾಗಾಗಿ ಕಿಟಕಿಗಳನ್ನು ಮುಚ್ಚಿ, ಒಳಗೆ ಬೆಚ್ಚಗಿರುವಾಗಲೇ ಅಳೆಯಬೇಕು.

ರಬ್ಬರ್ ಬಲೂನಿನ ಗಾತ್ರ ಐದನೇ ಒಂದು ಭಾಗ ಏರಿದರೂ ಸುತ್ತಳತೆ ಹೆಚ್ಚುವುದು ಶೇಕಡಾ 6ರಷ್ಟೇ. ಅಳತೆ ಪಟ್ಟಿಯಿಲ್ಲದಿದ್ದರೆ ಕಣ್ಣಿಗೆ ಕಾಣುವುದೇ ಇಲ್ಲ. ಆದ್ದರಿಂದ 11 ಇಂಚಿನ ಬಲೂನನ್ನು 9 ಅಥವಾ 10 ಇಂಚಿಗೆ ನಿಲ್ಲಿಸಿದರೆ ಅದು ಈ ಪ್ರಯಾಣವನ್ನು ತಾಳಿಕೊಳ್ಳುತ್ತದೆ. ಫಾಯಿಲ್ ಬಲೂನಿನ ವಿಷಯವೇ ಬೇರೆ. ಅದರ ಪಾಲಿಯೆಸ್ಟರ್ ಹಾಳೆ ಹಿಗ್ಗುವುದಿಲ್ಲವಾದ್ದರಿಂದ, ಸುಕ್ಕುಗಳೆಲ್ಲ ಬಿಚ್ಚಿಕೊಂಡ ಮೇಲೆ ಹೆಚ್ಚುವ ಒತ್ತಡವೆಲ್ಲ ಬಿಸಿಯಿಂದ ಬೆಸೆದ ಅಂಚಿನ ಮೇಲೆಯೇ ಬೀಳುತ್ತದೆ, ಮತ್ತು ಸೀಳಿಕೊಳ್ಳುವುದು ಬಹುಮಟ್ಟಿಗೆ ಅಲ್ಲಿಯೇ. ಬೆಂಗಳೂರಿನಿಂದ ಹೊರಡುವ ಫಾಯಿಲ್ ಬಲೂನಿಗೆ ನಾನು ಮುಕ್ಕಾಲು ಭಾಗ ಮಾತ್ರ ಗಾಳಿ ತುಂಬುತ್ತೇನೆ. ಕರಾವಳಿಯಿಂದ ಹೊರಡುವುದಾದರೆ ಮೂರರಲ್ಲಿ ಎರಡು ಭಾಗ ಸಾಕೆಂದು ಅಲ್ಲಿನ ಸಹೋದ್ಯೋಗಿಗಳಿಗೆ ಹೇಳಿದ್ದೇನೆ. ಅಂಚಿನುದ್ದಕ್ಕೂ ಸುಕ್ಕು ಉಳಿದಿರುವುದನ್ನು ಕಂಡು ಗಿರಾಕಿಗಳು ಬೇಸರಪಟ್ಟರೂ ಈ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಹೀಲಿಯಂ ಗಾಳಿಗಿಂತ ಹೆಚ್ಚು ಹಿಗ್ಗುತ್ತದೆ ಎಂಬ ನಂಬಿಕೆ ನಮ್ಮ ವೃತ್ತಿಯವರಲ್ಲಿಯೂ ಇದೆ, ಆದರೆ ಅದು ಸರಿಯಲ್ಲ. ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ರಬ್ಬರಿನ ಮೂಲಕ ಬೇಗ ಸೋರಿಹೋಗುವುದಷ್ಟೇ ಹೀಲಿಯಂನ ವ್ಯತ್ಯಾಸ. ಒತ್ತಡದಲ್ಲಿ ತುಂಬಿದ ಅನಿಲವು ಅಪಾಯಕಾರಿ ಸರಕಿನ ವರ್ಗಕ್ಕೆ ಸೇರುವುದರಿಂದ, ಹೀಲಿಯಂ ಸಿಲಿಂಡರನ್ನು ಪ್ರಯಾಣದ ಸಾಮಾನಿನಲ್ಲಿ ಇಟ್ಟುಕೊಂಡು ಹೋಗಬಾರದು.

ರಸ್ತೆಯ ಪಾರ್ಸೆಲ್‌ಗೂ ಇದೇ ನಿಯಮ ಅನ್ವಯಿಸುತ್ತದೆ. ಮಂಗಳೂರಿನಿಂದ ಮಡಿಕೇರಿಗೆ ಹತ್ತುವ ಪೆಟ್ಟಿಗೆಯಲ್ಲಿ ಬಲೂನುಗಳನ್ನು ಒತ್ತಿ ತುಂಬಿದ್ದರೆ, ಅವು ಹಿಗ್ಗಲು ಜಾಗವಿಲ್ಲದೆ ಒಂದನ್ನೊಂದು ರಟ್ಟಿನ ಮೂಲೆಗೆ ತಳ್ಳುತ್ತವೆ. ಆದ್ದರಿಂದ ಪೆಟ್ಟಿಗೆಯ ಕಾಲುಭಾಗವನ್ನಾದರೂ ಖಾಲಿ ಬಿಡಬೇಕು. ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ಪಾರ್ಸೆಲ್‌ನಲ್ಲಿ ಇದು ತಿರುವುಮುರುವಾಗಿ, ಗಾಳಿಯ ಗಾತ್ರ ಹತ್ತನೇ ಒಂದು ಭಾಗ ಕುಗ್ಗಿ, ಹುಟ್ಟುಹಬ್ಬದ ಅಂಕಿಯ ಬಲೂನುಗಳು ಸೊರಗಿದಂತೆ ಕಾಣುತ್ತವೆ. ಅಂತಹ ಪಾರ್ಸೆಲ್ ಜೊತೆಗೆ ಒಂದು ಕೈಪಂಪು ಮತ್ತು ಬಲೂನಿನ ಬಾಯಿಯೊಳಗೆ ತೂರಿಸಲು ಒಂದು ಸ್ಟ್ರಾ ಇಡುತ್ತೇನೆ. ತಲುಪಿದ ಊರಿನಲ್ಲಿ ಎರಡು ಬಾರಿ ಒತ್ತಿದರೆ ಸುಕ್ಕು ಹೋಗುತ್ತದೆ.